ಗೇಮ್ ಡಿಸೈನ್ ಕಲಿಯುವವರ ಓದು, ಬರಹ: ಚೌಕಾಬಾರದ ನಿಯಮ ಬರೆದು ನೋಡಿ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಗೇಮ್ ಡಿಸೈನ್ ಎರಡನೇ ವರ್ಷದ ವಿದ್ಯಾರ್ಥಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಚಿಕ್ಕಂದಿನಿಂದ ಆಟ ಆಡಿದ್ದೇನೆ, ಕೋಡಿಂಗ್ ಕೂಡ ಕೈಗೆ ಹತ್ತಿದೆ. ಓದು, ಬರಹದಲ್ಲಿ ಮಾತ್ರ ಹಿಂದೆ ಬೀಳುತ್ತೇನೆ. ಕೊಟ್ಟ ಇಂಗ್ಲಿಷ್ ಲೇಖನಗಳನ್ನು ಎರಡೆರಡು ಸಲ ಓದಿದರೂ ವಾರ ಕಳೆದರೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಆಟ ಹೇಗಿರಬೇಕೆಂದು ತಂಡಕ್ಕೆ ವಿವರಿಸುವ ನಲವತ್ತು ಪುಟದ ಡಿಸೈನ್ ಡಾಕ್ಯುಮೆಂಟ್ ಬರೆದೆ. ನಮ್ಮ ತಂಡದವರೇ ಅದನ್ನು ತೆರೆದು ನೋಡಲಿಲ್ಲ. ಈಗ ಸೆಮಿಸ್ಟರ್ ಕೊನೆಗೆ ‘ನಿಮ್ಮ ಓದುವ, ಬರೆಯುವ ವಿಧಾನ ಹೇಗೆ ಬದಲಾಯಿತು’ ಎಂದು ಆತ್ಮಾವಲೋಕನದ ಪ್ರಬಂಧ ಕೊಡಬೇಕು. ‘ನನ್ನ ಕೌಶಲ ಬಹಳ ಸುಧಾರಿಸಿತು’ ಎಂದು ಬರೆದಿದ್ದೆ. ಮೇಷ್ಟ್ರು ಪಕ್ಕದಲ್ಲಿ ‘ಹೇಗೆ ಗೊತ್ತಾಯಿತು?’ ಎಂದು ಬರೆದು ವಾಪಸ್ ಕೊಟ್ಟಿದ್ದಾರೆ. ಗೇಮ್ ಮಾಡುವವನಿಗೆ ಇಷ್ಟೆಲ್ಲ ಓದು, ಬರಹ ನಿಜಕ್ಕೂ ಬೇಕೇ? ಬೇಕೆಂದರೆ ಎಲ್ಲಿಂದ ಶುರು ಮಾಡಲಿ? ಕನ್ನಡದಲ್ಲಿ ಬರೆದುಕೊಂಡರೆ ತಪ್ಪೇ?

ಉತ್ತರ: ಮೇಷ್ಟ್ರು ಪಕ್ಕದಲ್ಲಿ ಬರೆದ ಮಾತನ್ನೇ ಹಿಡಿದುಕೊಳ್ಳಿ. ನಿಮ್ಮ ಓದಿಗೂ ಬರಹಕ್ಕೂ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ನೀವು ಬರೆಯುವುದು ಆಟದ ನಿಯಮವಾಗಲಿ, ಪರದೆಯ ಮೇಲಿನ ಸೂಚನೆಯಾಗಲಿ, ಪ್ರೋಗ್ರಾಮರ್‌ಗೆ ಕೊಡುವ ವಿವರಣೆಯಾಗಲಿ, ಅದನ್ನು ಓದುವವರ ಪಕ್ಕದಲ್ಲಿ ನೀವು ಇರುವುದಿಲ್ಲ. ಅವರು ಓದುತ್ತಾರೆ, ತಮಗೆ ತಿಳಿದಂತೆ ಏನೋ ಒಂದನ್ನು ಮಾಡುತ್ತಾರೆ. ಅವರು ಮಾಡಿದ್ದು ನೀವು ಅಂದುಕೊಂಡದ್ದೇ ಆಗಿದ್ದರೆ ಬರಹ ಕೆಲಸ ಮಾಡಿತು. ಕಥೆ ಬರೆಯುವವರು ಓದುಗರ ತಲೆಯೊಳಗೆ ಏನಾಯಿತೆಂದು ಊಹಿಸಬೇಕಾಗುತ್ತದೆ. ನಿಮಗೆ ಆ ಕಷ್ಟವಿಲ್ಲ, ಕೂತು ಕಣ್ಣಾರೆ ನೋಡಬಹುದು. ಇದು ದೊಡ್ಡ ಭಾಗ್ಯ. ಬಹಳಷ್ಟು ವಿದ್ಯಾರ್ಥಿಗಳು ಇದನ್ನು ಬಳಸಿಕೊಳ್ಳದೆ, ಪರೀಕ್ಷೆಗೆ ಬರೆದ ಹಾಗೆ ಬರೆದು ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ ಎಂಬುದು ನನ್ನ ಬೇಸರ.

ಓದು, ಬರಹ ಬೇಕೇ ಎಂದಿರಿ. ಬೇಕು. ಎಲ್ಲಿಂದ ಶುರು ಎಂದಿರಿ. ಬರಹದಿಂದ ಶುರು ಮಾಡಿ, ಓದು ಅದರ ಹಿಂದೆ ಬರಲಿ. ಬರೆಯಬೇಕಾದದ್ದು ಚೌಕಾಬಾರದ ನಿಯಮ.

ಹಳೇ ಮೈಸೂರು ಸೀಮೆಯಲ್ಲಿ ಬೆಳೆದವರಿಗೆ ಚೌಕಾಬಾರ ಗೊತ್ತಿರುತ್ತದೆ. ನಿಮ್ಮ ಕಡೆ ಇಲ್ಲದಿದ್ದರೆ ಅಳಿಗುಳಿಮಣೆಯೋ ಪಗಡೆಯೋ ಆದೀತು. ಒಂದೇ ಷರತ್ತು: ಆ ಆಟವನ್ನು ನೀವು ಪುಸ್ತಕ ಓದಿ ಕಲಿತಿರಬಾರದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಐದೈದು ಮನೆಯ ಚೌಕ, ನಾಲ್ಕು ಕವಡೆ ಅಥವಾ ಒಂದು ಬದಿ ತೇಯ್ದ ಹುಣಸೆಬೀಜ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಅಜ್ಜಿಯೋ ಅಕ್ಕನೋ ಆಡುತ್ತಾ ಆಡುತ್ತಾ ಹೇಳಿಕೊಟ್ಟದ್ದಾಗಿರಬೇಕು. ಈಗ ಅದರ ನಿಯಮವನ್ನು ಒಂದೇ ಪುಟದಲ್ಲಿ ಬರೆಯಿರಿ. ಆ ಆಟವನ್ನು ಕಂಡೇ ಇರದ ನಾಲ್ವರು ನಿಮ್ಮ ಪುಟವೊಂದನ್ನೇ ನೋಡಿಕೊಂಡು ಕೊನೆಯವರೆಗೆ ಆಡಬೇಕು. ನೀವು ಅದೇ ಕೋಣೆಯಲ್ಲಿ ಕೂತಿರಬಹುದು, ಬಾಯಿ ಮಾತ್ರ ಬಿಡುವಂತಿಲ್ಲ.

ಮೊದಲ ಸಾಲಿಗೇ ತೊಡಕು ಬರುತ್ತದೆ. ‘ಕವಡೆ ಹಾಕಿದಾಗ ಎಷ್ಟು ಬೀಳುತ್ತದೋ ಅಷ್ಟು ಮನೆ ನಡೆಸಬೇಕು’ ಎಂದು ಬರೆಯುತ್ತೀರಿ. ಎಷ್ಟು ಬಿತ್ತೆಂದು ಎಣಿಸುವುದು ಹೇಗೆ? ಬಾಯಿ ಮೇಲಾಗಿ ಬಿದ್ದ ಕವಡೆಗಳನ್ನು ಎಣಿಸಬೇಕು. ಒಂದಾದರೆ ಒಂದು, ಎರಡಾದರೆ ಎರಡು, ಮೂರಾದರೆ ಮೂರು. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಈ ಕೊನೆಯದನ್ನು ಬರೆಯದೆ ಬಿಟ್ಟರೆ ಹೊಸಬರು ಅದನ್ನು ಸೊನ್ನೆ ಎಂದು ತಿಳಿದು ಕವಡೆಯನ್ನು ಮುಂದಿನವರ ಕೈಗೆ ದಾಟಿಸುತ್ತಾರೆ. ಆಟದಲ್ಲೇ ಅತಿ ದೊಡ್ಡ ಗರ ಅವರ ಪಾಲಿಗೆ ಅತಿ ಕೆಟ್ಟ ಗರವಾಗಿಬಿಡುತ್ತದೆ. ನೀವು ಬಾಯಿ ಮುಚ್ಚಿ ನೋಡುತ್ತಿರಬೇಕು. ಆ ಸಂಕಟದಲ್ಲೇ ನೀವು ಕಲಿಯುವುದು.

ಆಮೇಲೆ ದಾರಿ. ‘ಸುತ್ತು ಹಾಕಿ ಒಳಗೆ ಹೋಗಬೇಕು’ ಎಂದರೆ ಯಾವ ಕಡೆಯಿಂದ, ಯಾವ ಮನೆಯಿಂದ ಒಳಕ್ಕೆ? ನಿಮ್ಮ ಬೆರಳಿಗೆ ಅದು ಗೊತ್ತು, ಬಾಯಿಗೆ ಗೊತ್ತಿಲ್ಲ. ಕೂತು ಎಣಿಸಿದರೆ ಲೆಕ್ಕ ಹೊರಬೀಳುತ್ತದೆ: ಕಟ್ಟೆಯಿಂದ (ಗುಣಾಕಾರದ ಗುರುತು ಹಾಕಿದ, ಕಾಯಿ ಹೊರಡುವ ಮನೆ) ಹೊರಟ ಕಾಯಿಗೆ ಹೊರಸುತ್ತಿನಲ್ಲಿ 15 ಮನೆ, ಒಳಸುತ್ತಿನಲ್ಲಿ 8, ಕೊನೆಗೆ ನಡುಮನೆ, ಒಟ್ಟು 24 ಹೆಜ್ಜೆ. ಇದನ್ನು ಮಾತಿನಲ್ಲಿ ಹೇಳಲು ಐದು ಸಾಲು ಬೇಕು; ಬಾಣದ ಗುರುತು ಹಾಕಿದ ಒಂದು ಚಿತ್ರವಾದರೆ ಮಾತೇ ಬೇಡ. ಎಲ್ಲಿ ಬರೆಯಬಾರದು, ಚಿತ್ರ ಹಾಕಬೇಕು ಎಂದು ನಿರ್ಧರಿಸುವುದೂ ಬರವಣಿಗೆಯ ತೀರ್ಮಾನವೇ. ಪ್ರಬಂಧದಲ್ಲಿ ಇದನ್ನೂ ಹೇಳಬಹುದು.

ಈಗ ಈ ಸಾಲು ನೋಡಿ: ‘ಕಡಿದ ಕಾಯಿ ಮತ್ತೆ ಕಟ್ಟೆಗೆ ಹೋಗಬೇಕು.’ ಆಟ ಬಲ್ಲ ನಿಮಗೆ ಇದರಲ್ಲಿ ಗೊಂದಲವೇ ಕಾಣದು. ಹೊಸಬರು ಕೇಳುತ್ತಾರೆ: ಯಾವ ಕಾಯಿ? ಕಡಿದದ್ದೋ, ಕಡಿಸಿಕೊಂಡದ್ದೋ? ವಾಕ್ಯ ಎರಡು ಅರ್ಥಕ್ಕೂ ಒಪ್ಪುತ್ತದೆ. ಕಡಿದವನೇ ತನ್ನ ಕಾಯಿಯನ್ನು ಹಿಂದಕ್ಕೆ ಒಯ್ದರೆ ಅದು ಅವನ ದಡ್ಡತನವಲ್ಲ, ನೀವು ಹಾಗೆ ಬರೆದಿದ್ದೀರಿ. ತಿದ್ದಿದರೆ ಹೀಗಾಗಬಹುದು: ‘ನಿಮ್ಮ ಕಾಯಿ ಹೋಗಿ ನಿಲ್ಲುವ ಮನೆಯಲ್ಲಿ ಎದುರಾಳಿಯ ಕಾಯಿ ಇದ್ದರೆ, ಎದುರಾಳಿಯ ಕಾಯಿಯನ್ನು ಅವರ ಕಟ್ಟೆಗೆ ವಾಪಸ್ ಇಡಿ. ಕವಡೆಯನ್ನು ನೀವೇ ಇನ್ನೊಮ್ಮೆ ಹಾಕಿ. ಗುಣಾಕಾರದ ಗುರುತು ಇರುವ ಮನೆಗಳಲ್ಲಿ ಹೀಗೆ ಕಡಿಯುವಂತಿಲ್ಲ.’ ಸಾಲು ಉದ್ದವಾಯಿತು, ಸೊಗಸು ಕಡಿಮೆಯಾಯಿತು, ಆದರೆ ಇನ್ನು ಯಾರೂ ಎಡವುವುದಿಲ್ಲ.

ಇನ್ನೊಂದು ಅಭ್ಯಾಸ ಬಿಡಬೇಕಾಗುತ್ತದೆ. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಒಂದೇ ಪದವನ್ನು ಪದೇ ಪದೇ ಬಳಸಬೇಡಿ ಎಂದು ಕಲಿಸಿರುತ್ತಾರೆ. ನಿಯಮದಲ್ಲಿ ಅದು ತಿರುಗುಮುರುಗು. ಮೊದಲ ಸಾಲಿನಲ್ಲಿ ‘ಕಾಯಿ’ ಎಂದು ಬರೆದು, ಮೂರನೆಯದರಲ್ಲಿ ‘ಗೋಟಿ’, ಐದನೆಯದರಲ್ಲಿ ‘ಪಾನ್’ ಎಂದರೆ ಆಡುವವರು ಅವು ಮೂರು ಬೇರೆ ಬೇರೆ ವಸ್ತುಗಳೆಂದು ಡಬ್ಬಿಯಲ್ಲಿ ಹುಡುಕುತ್ತಾರೆ. ‘ಮನೆ’ ಎಂಬ ಪದವನ್ನು ಚೌಕಕ್ಕೂ ಬಳಸಿ, ಕಾಯಿ ಹೊರಡುವ ಕಟ್ಟೆಗೂ ಬಳಸಿದರೆ ಇನ್ನೂ ಕಷ್ಟ. ಒಂದು ವಸ್ತುವಿಗೆ ಒಂದೇ ಹೆಸರು ಗೊತ್ತುಮಾಡಿ, ಮೊದಲ ಸಲ ಬಂದಲ್ಲಿ ಚಿತ್ರದಲ್ಲಿ ತೋರಿಸಿ, ಆಮೇಲೆ ಬೇಸರವಾದರೂ ಅದನ್ನೇ ಬಳಸುತ್ತಾ ಹೋಗಿ.

ಅಜ್ಜಿ ಬದುಕಿರುವವರೆಗೆ ಯಾರೂ ಕೇಳದ ಪ್ರಶ್ನೆಗಳೂ ಈಗ ಎದ್ದು ನಿಲ್ಲುತ್ತವೆ. ನಡುಮನೆಗೆ ಮೂರು ಹೆಜ್ಜೆ ಬಾಕಿ ಇದ್ದು ಚೌಕ ಬಿದ್ದರೆ? ಯಾವ ಕಾಯಿಯನ್ನೂ ನಡೆಸಲು ಆಗದಿದ್ದರೆ ಸರದಿ ಹೋಯಿತೇ? ಒಂದೇ ಮನೆಯಲ್ಲಿ ಒಬ್ಬರದೇ ಎರಡು ಕಾಯಿ ಕೂತರೆ ಗಟ್ಟಿಯಾಗುತ್ತದೆಯೇ, ಗಟ್ಟಿಯನ್ನು ಒಂಟಿ ಕಾಯಿ ಕಡಿಯಬಹುದೇ? ಮನೆಮನೆಗೂ ಉತ್ತರ ಬೇರೆ. ಹೇಳಿಕೊಟ್ಟವರು ಎದುರಿಗೇ ಇದ್ದಾಗ ಜಗಳವನ್ನು ಅವರೇ ಬಗೆಹರಿಸುತ್ತಿದ್ದರು. ಈಗ ಆ ತೀರ್ಪು ಕಾಗದದ ಮೇಲೆ ಇರಬೇಕು, ಕೊಡಬೇಕಾದವರು ನೀವು. ಡಿಸೈನರ್ ಕೆಲಸ ಶುರುವಾಗುವುದು ಇಲ್ಲೇ. (ನಮ್ಮ ಆಟಗಳ ಬಗ್ಗೆ ಬರೆದಿಡಬೇಕೆಂದು ಮನಸ್ಸು ಮಾಡಿದವರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದೊಡ್ಡ ಹೆಸರು. 19ನೇ ಶತಮಾನದ ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದ ಕೊನೆಯ ಭಾಗವಾದ ಕೌತುಕನಿಧಿಯ ವಸ್ತುವೇ ಆಟ. ಮೈಸೂರಿಗೆ ಹೋದಾಗ ಈ ಪರಂಪರೆಯ ಮಣೆ, ಗಂಜೀಫಾ ಎಲೆಗಳನ್ನು ನೋಡಲು ಸಿಕ್ಕರೆ ಬಿಡಬೇಡಿ.)

ಆಡುವವರನ್ನು ನೋಡುವಾಗ ಕೈಯಲ್ಲಿ ಒಂದು ಹಾಳೆ ಇರಲಿ. ಉದ್ದಕ್ಕೆ ಗೆರೆ ಎಳೆದು ಎರಡು ಭಾಗ ಮಾಡಿ. ಎಡಕ್ಕೆ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ: ‘ಮೂರನೇ ಸಾಲನ್ನು ಮತ್ತೆ ಓದಿದರು’, ‘ಬಾರ ಬಿದ್ದಾಗ ಇಬ್ಬರು ಮುಖ ಮುಖ ನೋಡಿಕೊಂಡರು’, ‘ಇದು ಸೇಫಾ? ಎಂದು ಒಬ್ಬರು ಕೇಳಿದರು’. ಬಲಕ್ಕೆ ನಿಮ್ಮ ಊಹೆ. ‘ಅವರಿಗೆ ಬೋರಾಯಿತು’ ಎಂಬುದು ಎಡಕ್ಕೆ ಸಲ್ಲದು. ಬೋರು ಕಣ್ಣಿಗೆ ಕಾಣುವುದಿಲ್ಲ. ‘ತನ್ನ ಸರದಿ ಬಂದದ್ದು ಗೊತ್ತಾಗದೆ ಫೋನ್ ನೋಡುತ್ತಿದ್ದರು’ ಎಂಬುದು ಸಲ್ಲುತ್ತದೆ. ಈ ಗೆರೆಯನ್ನು ಕಾಪಾಡುವುದು ಕೇಳಲು ಸುಲಭ, ಮಾಡಲು ಕಷ್ಟ. ನಿಮ್ಮ ಪ್ರಬಂಧಕ್ಕೆ ಬೇಕಾದ ಪುರಾವೆಯೆಲ್ಲ ಆ ಎಡಗಡೆಯ ಭಾಗದಲ್ಲೇ ಇರುತ್ತದೆ.

ಇನ್ನು ಓದಿನ ಮಾತು. ಎರಡೆರಡು ಸಲ ಓದಿದರೂ ಉಳಿಯುವುದಿಲ್ಲ ಎಂದಿದ್ದೀರಿ. ದೋಷ ನಿಮ್ಮ ನೆನಪಿನ ಶಕ್ತಿಯದಲ್ಲ, ಮರುಓದಿನ ಸ್ವಭಾವವೇ ಅದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧ. ಒಂದು ಗುಂಪು ಪಠ್ಯವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪಠ್ಯ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಓದಿದ ಕೂಡಲೇ ‘ಗೊತ್ತಾಯಿತು’ ಎನ್ನಿಸುವುದು, ವಾರದ ಹೊತ್ತಿಗೆ ಮಾಯವಾಗುವುದು, ನೀವು ಹೇಳಿದ ಪಾಡು ಇದೇ. ಹಾಗಾಗಿ ಎರಡನೇ ಸಲ ಓದುವ ಬದಲು ಲೇಖನ ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ನಿಮ್ಮ ಕನ್ನಡದಲ್ಲೇ ನೆನಪಾದಷ್ಟು ಬರೆಯಿರಿ. ಎಲ್ಲಿ ಪೆನ್ನು ನಿಲ್ಲುತ್ತದೋ ಆ ಭಾಗಕ್ಕೆ ಮಾತ್ರ ಲೇಖನಕ್ಕೆ ಹಿಂತಿರುಗಿ.

ಓದುವ ಮೊದಲು ಕೈಯಲ್ಲಿ ಒಂದು ಆಟ ಇರಬೇಕು. ಉದಾಹರಣೆಗೆ ಹನಿಕಿ, ಲೆಬ್ಲಾಂಕ್, ಜುಬೆಕ್ ಮೂವರು 2004ರಲ್ಲಿ ಬರೆದ ಎಂಡಿಎ ಲೇಖನವನ್ನು ನಿಮಗೂ ಕೊಟ್ಟಿರುತ್ತಾರೆ. ಈ ಕೋರ್ಸುಗಳಲ್ಲಿ ಅದು ಬಹಳ ಕಡೆ ಮೊದಲ ಪಾಠ. ಕೆಲವೇ ಪುಟಗಳ ಲೇಖನ. ಆಟವೊಂದನ್ನು ಮೆಕ್ಯಾನಿಕ್ಸ್, ಡೈನಾಮಿಕ್ಸ್, ಈಸ್ಥೆಟಿಕ್ಸ್ ಎಂಬ ಮೂರು ಪದರವಾಗಿ ನೋಡಿ ಎನ್ನುತ್ತದೆ. ಆ ಮೂರು ಪದಗಳ ವ್ಯಾಖ್ಯಾನ ಬಾಯಿಪಾಠ ಮಾಡಲು ಹೋದರೆ ಒಂದೂ ನಿಲ್ಲದು. ನೀವು ಬರೆದ ಚೌಕಾಬಾರದ ಪುಟವನ್ನು ಪಕ್ಕಕ್ಕಿಟ್ಟುಕೊಂಡು ಓದಿ ನೋಡಿ.

ಬಹಳ ಮನೆಗಳಲ್ಲಿ ಇರುವ ನಿಯಮ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇದು ಕಾಗದದ ಮೇಲಿರುವ ನಿಯಮ, ಅಂದರೆ ಮೆಕ್ಯಾನಿಕ್ಸ್. ಈ ನಿಯಮ ಇದ್ದಾಗ ಜನ ಏನು ಮಾಡುತ್ತಾರೆ? ಇನ್ನೂ ಕಡಿಯದವರು ಹೊರಸುತ್ತಿನಲ್ಲೇ ಮತ್ತೊಂದು ಸುತ್ತು ಹಾಕುತ್ತಾ ಬೇರೆಯವರ ಹಿಂದೆ ಬೀಳುತ್ತಾರೆ. ಅವರ ಕಾಯಿಗೆ ಎರಡು ಮೂರು ಮನೆ ಮುಂದೆ ನಿಲ್ಲಲು ಯಾರೂ ಒಪ್ಪುವುದಿಲ್ಲ. ಕಟ್ಟೆಯಿಂದ ಕಟ್ಟೆಗೆ ಜಿಗಿಯುವ ಲೆಕ್ಕಾಚಾರ ಶುರುವಾಗುತ್ತದೆ. ಕಾಗದದಲ್ಲಿ ಎಲ್ಲೂ ಬರೆಯದ ಈ ನಡವಳಿಕೆಯೇ ಡೈನಾಮಿಕ್ಸ್. ಅದರಿಂದ ಹುಟ್ಟುವ ಎದೆಬಡಿತ, ‘ನನ್ನನ್ನೇ ಯಾಕೆ ಕಡಿದೆ’ ಎಂಬ ಮುನಿಸು, ನಡುಮನೆಗೆ ಹೋಗಿ ಕಾಯಿ ಹಣ್ಣಾದಾಗಿನ ಕುಣಿತ ಮೂರನೆಯ ಪದರ. ಲೇಖನದ ಮುಖ್ಯ ಮಾತು ಈಗ ತಾನಾಗಿ ಅರ್ಥವಾಗುತ್ತದೆ: ಡಿಸೈನರ್ ಆಟವನ್ನು ನಿಯಮದ ಕಡೆಯಿಂದ ನೋಡುತ್ತಾನೆ, ಆಡುವವರು ಭಾವನೆಯ ಕಡೆಯಿಂದ ನೋಡುತ್ತಾರೆ. ಸಂದೇಹವಿದ್ದರೆ ಆ ಒಂದು ನಿಯಮ ತೆಗೆದು ಅದೇ ನಾಲ್ವರಿಗೆ ಆಡಲು ಕೊಡಿ. ಆಟ ಓಟದ ಪಂದ್ಯದ ಕಡೆಗೆ ವಾಲುತ್ತದೆಯೇ, ಜಗಳ ಕಡಿಮೆಯಾಗುತ್ತದೆಯೇ ಎಂದು ಗಮನಿಸಿ. ಓದಿದ ಲೇಖನವನ್ನು ಪ್ರಶ್ನಿಸುವ ಹಕ್ಕು ನಿಮಗೆ ಬರುವುದು ಆಗ. ಎಂಡಿಎ ಎಲ್ಲ ಆಟಕ್ಕೂ ಒಪ್ಪುತ್ತದೆಂದೇನೂ ನಾನು ಹೇಳುವುದಿಲ್ಲ. ಕಥೆಯೇ ಪ್ರಧಾನವಾದ ಆಟಗಳ ವಿಷಯದಲ್ಲಿ ಅದು ಸಾಕಷ್ಟನ್ನು ಹೇಳದೆ ಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮದು ಬೇರೆ ಇರಬಹುದು. ಪ್ರಬಂಧದಲ್ಲಿ ಅದನ್ನು ಒಂದು ಆಟದ ಆಧಾರದ ಮೇಲೆ ಹೇಳಿ.

ಸೇಲನ್ ಮತ್ತು ಜಿಮ್ಮರ್‌ಮನ್ ಬರೆದ, 2003ರ ರೂಲ್ಸ್ ಆಫ್ ಪ್ಲೇ ತರಹದ ದಪ್ಪ ಪುಸ್ತಕಗಳನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೋಗಬೇಡಿ. 600 ಪುಟ ಮೀರಿದ ಪುಸ್ತಕ ಅದು. ನಿಮ್ಮ ಆಟದಲ್ಲಿ ಈಗ ಎದುರಾಗಿರುವ ತೊಡಕಿಗೆ ಸಂಬಂಧಿಸಿದ ಅಧ್ಯಾಯ ಹುಡುಕಿ, ಅಷ್ಟನ್ನೇ ಓದಿ.

ಇಂಗ್ಲಿಷ್ ಪದಗಳಿಗೆ ನಿಘಂಟಿನ ಅರ್ಥ ಬರೆದುಕೊಳ್ಳುವುದು ಅಷ್ಟು ಉಪಯೋಗವಿಲ್ಲ. ‘ಫೀಡ್‌ಬ್ಯಾಕ್ ಲೂಪ್’ ಎಂಬುದರ ಮುಂದೆ ಕನ್ನಡ ಪದ ಬರೆಯುವ ಬದಲು ‘ಮೊನಾಪಲಿಯಲ್ಲಿ ದುಡ್ಡಿದ್ದವರು ಜಾಗ ಕೊಳ್ಳುತ್ತಾರೆ, ಬಾಡಿಗೆ ಬರುತ್ತದೆ, ಇನ್ನಷ್ಟು ಕೊಳ್ಳುತ್ತಾರೆ’ ಎಂದು ಬರೆದುಕೊಳ್ಳಿ. ಆ ಪದ ಮತ್ತೆ ಎದುರಾದಾಗ ಆಟವೇ ಕಣ್ಣ ಮುಂದೆ ಬರುತ್ತದೆ.

ಮೊನಾಪಲಿ ಎಂದಾಗ ಒಂದು ಕೆಲಸ ಹೇಳುತ್ತೇನೆ. ಆ ಡಬ್ಬಿಯಲ್ಲಿರುವ ನಿಯಮದ ಹಾಳೆಯನ್ನು ಒಮ್ಮೆ ಪೂರ್ತಿ ಓದಿ. ಒಬ್ಬ ಆಟಗಾರ ತಾನು ನಿಂತ ಜಾಗವನ್ನು ಕೊಳ್ಳಲು ಒಪ್ಪದಿದ್ದರೆ ಬ್ಯಾಂಕು ಅದನ್ನು ಕೂಡಲೇ ಹರಾಜು ಹಾಕಬೇಕು ಎಂದು ಅದರಲ್ಲಿದೆ. ಎಷ್ಟೋ ಮನೆಗಳಲ್ಲಿ ಈ ನಿಯಮ ಇದೆಯೆಂದೇ ಗೊತ್ತಿಲ್ಲ. ಹರಾಜು ಇಲ್ಲದಿದ್ದರೆ ಜಾಗಗಳು ಬೇಗ ಖರ್ಚಾಗದೆ ಆಟ ಎಳೆಯುತ್ತಾ ಹೋಗುತ್ತದೆ. ‘ಮೊನಾಪಲಿ ಮುಗಿಯುವುದೇ ಇಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ. ಇದರ ಮೂಲವಾದ ಲ್ಯಾಂಡ್‌ಲಾರ್ಡ್ಸ್ ಗೇಮ್‌ಗೆ ಅಮೆರಿಕದ ಎಲಿಜಬೆತ್ ಮ್ಯಾಗಿ 1904ರಲ್ಲಿ ಪೇಟೆಂಟ್ ಪಡೆದಿದ್ದರು. ಭೂಮಿಯ ಒಡೆತನ ಕೆಲವರ ಕೈಗೆ ಸೇರುವುದರ ಕೇಡನ್ನು ತೋರಿಸಲು ಮಾಡಿದ ಆಟ ಅದು. ಒಬ್ಬರೇ ಎಲ್ಲವನ್ನೂ ಬಾಚಿಕೊಳ್ಳುವ ನಿಯಮಗಳ ಜೊತೆಗೆ, ಸಂಪತ್ತು ಬೆಳೆದಾಗ ಎಲ್ಲರಿಗೂ ಪಾಲು ಸಿಗುವ ಇನ್ನೊಂದು ನಿಯಮಾವಳಿಯನ್ನೂ ಅವರು ತಮ್ಮ ಆಟಕ್ಕೆಂದು ರೂಪಿಸಿದ್ದರು. ಮಣೆ ಅದೇ, ಬರೆದ ನಿಯಮ ಬೇರೆ, ಆಡಿದವರಿಗೆ ಸಿಗುವ ಪಾಠ ಬೇರೆ. ಬರಹಕ್ಕೆ ಎಷ್ಟು ಬಲವಿದೆ ಎಂದು ನಿಮಗೆ ನೀವೇ ಮನದಟ್ಟು ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಅಕ್ಷರವೇ ಇಲ್ಲದ ಕಡೆಯೂ ಓದಲು ಕಲಿಯಬೇಕು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಮೊದಲ ಹಂತವನ್ನು ತೆರೆದು ಕೈ ಕಟ್ಟಿ ನೋಡಿ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಕ್ಕೆ ಮುಖ ಮಾಡಿದ್ದಾನೆ, ಬಲಕ್ಕೆ ಖಾಲಿ ಜಾಗ ಇದೆ. ‘ಬಲಕ್ಕೆ ಹೋಗು’ ಎಂದು ಎಲ್ಲೂ ಬರೆದಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಹೊಳೆಯುವ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ, ಎದುರಿನಿಂದ ಗೂಂಬಾ ಎಂಬ ಸಿಡುಕು ಮುಖದ ಶತ್ರು. ಮುಟ್ಟಿದರೆ ಸಾವು, ಆದರೆ ಆಟ ಆಗತಾನೇ ಶುರುವಾಗಿದೆ, ಕಳೆದುಕೊಂಡದ್ದು ಏನೂ ಇಲ್ಲ. ಮುಂದೆ ಒಂದು ಪೆಟ್ಟಿಗೆಗೆ ತಲೆ ಹೊಡೆದರೆ ಅಣಬೆ ಹೊರಬಂದು ಬಲಕ್ಕೆ ಜಾರುತ್ತದೆ, ಪೈಪಿಗೆ ತಾಗಿ ತಿರುಗಿ ನಿಮ್ಮ ಕಡೆಗೇ ಬರುತ್ತದೆ. ಗೂಂಬಾ ನೋಡಿ ಹೆದರಿದವರು ಇದನ್ನೂ ಹಾರಿ ತಪ್ಪಿಸಿಕೊಳ್ಳಲು ನೋಡಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅಣಬೆಯ ಮೇಲೇ ಬೀಳುವ ಸಂಭವ ಹೆಚ್ಚು. ಬಿದ್ದರು, ದೊಡ್ಡವರಾದರು, ಅಣಬೆ ಒಳ್ಳೆಯದೆಂದು ಕಲಿತರು. ಈ ಆಟದ ಡಿಸೈನರ್ ಶಿಗೆರು ಮಿಯಾಮೊಟೊ ಈ ಹಂತವನ್ನು ಹೇಗೆ ಯೋಚಿಸಿ ಜೋಡಿಸಿದೆವೆಂದು ಸಂದರ್ಶನದಲ್ಲಿ ವಿವರಿಸಿದ್ದಾರೆ. ಅದನ್ನು ನೋಡುವ ಮೊದಲು ನಿಮ್ಮದೇ ಟಿಪ್ಪಣಿ ಬರೆದುಕೊಳ್ಳಿ, ಆಮೇಲೆ ಹೋಲಿಸಿ. 2007ರ ಪೋರ್ಟಲ್ ಆಟದಲ್ಲಿ ತಯಾರಕರ ವಿವರಣೆಯನ್ನು ಆಡುತ್ತಲೇ ಕೇಳುವ ಸೌಲಭ್ಯ ಇದೆ. ಅದಕ್ಕೂ ಇದೇ ಕ್ರಮ.

ಈಗ ನಿಮ್ಮ ನಲವತ್ತು ಪುಟ. ತಂಡದವರು ಅದನ್ನು ತೆರೆಯಲಿಲ್ಲವೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ದೊಡ್ಡವರ ಕಥೆಯೂ ಹಾಗೇ ಇದೆ. ಡೂಮ್ ಆಟಕ್ಕೆಂದು ಡಿಸೈನರ್ ಟಾಮ್ ಹಾಲ್ 1992ರಲ್ಲಿ ಪಾತ್ರ, ಕಥೆ, ಜಾಗಗಳನ್ನೆಲ್ಲ ವಿವರಿಸಿ ‘ಡೂಮ್ ಬೈಬಲ್’ ಎಂದು ಹೆಸರಾದ ದಾಖಲೆ ಬರೆದರು. 1993ರ ಡಿಸೆಂಬರ್‌ನಲ್ಲಿ ಆಟ ಹೊರಬರುವ ಹೊತ್ತಿಗೆ ಅದರಲ್ಲಿನ ಬಹುಪಾಲು ಬಿಟ್ಟುಹೋಗಿತ್ತು. ಡಯಾಬ್ಲೋ ಆಟದ ಮೊದಲ ಪ್ರಸ್ತಾವನೆಯಲ್ಲಿ ಅದು ಸರದಿಯ ಮೇಲೆ ಆಡುವ ಆಟ. ಜನ ಆಡಿದ್ದು ಸರದಿಯಿಲ್ಲದ, ಕ್ಷಣಕ್ಷಣಕ್ಕೂ ಕ್ಲಿಕ್ ಮಾಡುವ ಆಟ. ಇದರಿಂದ ದಾಖಲೆ ಬರೆಯುವುದೇ ವ್ಯರ್ಥ ಎಂದು ತಿಳಿಯಬಾರದು. ಆಟ ಬದಲಾಗುತ್ತಿರುತ್ತದೆ, ನಲವತ್ತು ಪುಟವನ್ನು ಅದರ ಜೊತೆ ತಿದ್ದುತ್ತಾ ಹೋಗಲು ಯಾರಿಗೂ ಪುರುಸೊತ್ತಿರುವುದಿಲ್ಲ, ತಿದ್ದದ ದಾಖಲೆಯನ್ನು ಯಾರೂ ನಂಬುವುದಿಲ್ಲ. ಗೇಮ್ ಡಿಸೈನರ್ ಸ್ಟೋನ್ ಲಿಬ್ರಾಂಡ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಒಂದೇ ಹಾಳೆಯ ಡಿಸೈನ್ ಬಗ್ಗೆ ಮಾತಾಡಿದ್ದು ಈ ಕಾರಣಕ್ಕೇ ಅಷ್ಟು ಜನರಿಗೆ ಹಿಡಿಸಿತು. ನಡುವೆ ಚಿತ್ರ, ಸುತ್ತ ಚಿಕ್ಕ ಟಿಪ್ಪಣಿ, ಗೋಡೆಗೆ ಅಂಟಿಸಬಹುದು.

ಯಾರಿಗಾಗಿ ಬರೆಯುತ್ತಿದ್ದೀರಿ ಎಂದು ಪ್ರತಿ ಪ್ಯಾರಾದಲ್ಲೂ ಕೇಳಿಕೊಳ್ಳಿ. ‘ಕಾವಲುಗಾರ ಆಟಗಾರನನ್ನು ನೋಡಿದರೆ ಅಟ್ಟಿಸಿಕೊಂಡು ಬರುತ್ತಾನೆ’ ಎಂದು ಬರೆದರೆ ಪ್ರೋಗ್ರಾಮರ್ ಆಗಿರುವ ನಿಮ್ಮ ಗೆಳತಿ ಕೇಳುತ್ತಾಳೆ: ಎಷ್ಟು ದೂರದಿಂದ ನೋಡುತ್ತಾನೆ? ಬೆನ್ನು ಹಾಕಿದ್ದಾಗಲೂ ಕಾಣುತ್ತದೆಯೇ? ಆಟಗಾರ ಕಂಬದ ಹಿಂದೆ ಅಡಗಿದರೆ ಎಷ್ಟು ಹೊತ್ತು ಹುಡುಕುತ್ತಾನೆ? ಆಮೇಲೆ ಎಲ್ಲಿಗೆ ಹೋಗುತ್ತಾನೆ? ಅವಳು ಕೇಳದೇ ತನಗೆ ತೋಚಿದ ಸಂಖ್ಯೆ ಹಾಕಿದರೆ ಡಿಸೈನ್ ಮಾಡಿದ್ದು ಅವಳೇ ಹೊರತು ನೀವಲ್ಲ. ‘ಮುಂದಕ್ಕೆ 8 ಅಡಿವರೆಗೆ ಮಾತ್ರ ಕಾಣುತ್ತದೆ. ಕಣ್ಣಿಗೆ ಮರೆಯಾದ ಮೇಲೆ ಕೊನೆಗೆ ಕಂಡ ಜಾಗಕ್ಕೆ ಹೋಗಿ 3 ಸೆಕೆಂಡ್ ನಿಂತು, ಕಾವಲಿನ ಜಾಗಕ್ಕೆ ಹಿಂತಿರುಗುತ್ತಾನೆ. ಈ ಸಂಖ್ಯೆಗಳನ್ನು ಆಡಿಸಿ ನೋಡಿದ ಮೇಲೆ ಬದಲಿಸಲಾಗುವುದು.’ ಹೀಗೆ ಬರೆದರೆ ಜಗಳವಿಲ್ಲ. ಜೊತೆಗೆ ಒಂದು ಕಡೆ ತೀರ್ಮಾನಗಳ ಪಟ್ಟಿ ಇಡಿ: ದಿನಾಂಕ, ಏನು ಬದಲಿಸಿದೆವು, ಯಾಕೆ. ಸೆಮಿಸ್ಟರ್ ಕೊನೆಗೆ ‘ಯಾಕೆ’ ಎಂಬ ಆ ಒಂದೊಂದು ಸಾಲು ಚಿನ್ನದ ಬೆಲೆ ಬಾಳುತ್ತದೆ.

ಕನ್ನಡದಲ್ಲಿ ಬರೆದುಕೊಂಡರೆ ತಪ್ಪೇ ಎಂಬ ಪ್ರಶ್ನೆ ನೋಡಿ ನನಗೆ ಬೇಸರವಾಯಿತು, ಹಾಗೆ ಕೇಳುವಂತೆ ನಿಮಗೆ ಅನ್ನಿಸಿತಲ್ಲ ಎಂದು. ಯೋಚನೆ ಯಾವ ಭಾಷೆಯಲ್ಲಿ ಸಲೀಸಾಗಿ ಹರಿಯುತ್ತದೋ ಅದರಲ್ಲೇ ಮೊದಲ ಕರಡು ಬರೆಯಿರಿ. ಆಡಿದವರು ಕನ್ನಡದಲ್ಲಿ ಗೊಣಗಿದರೆ ಆ ಗೊಣಗಾಟವನ್ನು ಕನ್ನಡದಲ್ಲೇ ಬರೆದಿಡಿ. ‘ಥೂ, ಇದೇನು ಹಿಂಗೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿದರೆ ಅದರ ಬಿಸಿ ಉಳಿಯದು. ತಂಡಕ್ಕೆ, ಕಾಲೇಜಿಗೆ ಇಂಗ್ಲಿಷ್ ಬೇಕಾದಲ್ಲಿ ಕೊನೆಯ ಕರಡನ್ನು ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ನಿಯಮದ ಬರಹಕ್ಕೆ ಹೇಗಿದ್ದರೂ ಚಿಕ್ಕ ವಾಕ್ಯವೇ ಒಳ್ಳೆಯದು, ಹಾಗಾಗಿ ನಿಮ್ಮ ಇಂಗ್ಲಿಷ್ ಇಲ್ಲಿ ಅಡ್ಡಿಯಾಗುವುದಿಲ್ಲ. ಆಟವನ್ನೇ ಕನ್ನಡದಲ್ಲಿ ಮಾಡುವ ಆಸೆಯಿದ್ದರೆ, ಆಯ್ಕೆಗಳಿರುವ ಕಥೆಯಾಟ ಕಟ್ಟುವ ಟ್ವೈನ್ ಎಂಬ ತಂತ್ರಾಂಶದಿಂದ ಶುರು ಮಾಡಿ. ಅದು ಉಚಿತ; ಕಥೆ ಬ್ರೌಸರ್‌ನಲ್ಲಿ ಓಡುವುದರಿಂದ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆ. ಗೇಮ್ ಎಂಜಿನ್‌ಗಳಲ್ಲಿ, ಅಂದರೆ ಆಟ ಕಟ್ಟುವ ದೊಡ್ಡ ತಂತ್ರಾಂಶಗಳಲ್ಲಿ, ಒತ್ತಕ್ಷರ ಒಡೆದುಹೋಗುವ ತೊಂದರೆ ಬಹುಕಾಲ ಕಾಡಿದೆ. 2023ರಲ್ಲಿ ಬಂದ ಗೊಡೋ 4 ಎಂಬ ಎಂಜಿನ್‌ನಲ್ಲಿ ಇಂಥ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಒಳಗೇ ಇದೆ. ಯಾವ ಎಂಜಿನ್ ಆಯ್ದರೂ ಮೊದಲ ದಿನವೇ ‘ಸ್ತ್ರೀ’, ‘ಕ್ಷೇತ್ರ’, ‘ಅರ್ಧ’ ಎಂದು ಪರದೆಯ ಮೇಲೆ ಮೂಡಿಸಿ ನೋಡಿ. ಅರ್ಕಾವತ್ತು ಸರಿಯಾದ ಜಾಗದಲ್ಲಿ ಕೂತಿದ್ದರೆ ಮುಂದುವರಿಯಿರಿ.

ಕೊನೆಗೆ ಪ್ರಬಂಧ. ಸೆಮಿಸ್ಟರ್ ಪೂರ್ತಿಯ ಕಥೆ ಹೇಳಲು ಹೋಗಬೇಡಿ. ನೀವು ಬರೆದ ಒಂದೇ ಒಂದು ಸಾಲನ್ನು ಆರಿಸಿಕೊಳ್ಳಿ. ಅದರ ಮೊದಲ ರೂಪ, ಕೊನೆಯ ರೂಪ, ನಡುವೆ ಏನಾಯಿತು ಎಂಬುದರ ಪುರಾವೆ, ಇಷ್ಟು ಇದ್ದರೆ ಬೆನ್ನೆಲುಬು ಸಿಕ್ಕಿತು. ಉದಾಹರಣೆಗೆ: ‘ಮೊದಲ ಕರಡಿನಲ್ಲಿ ನಾನು “ಕಡಿದ ಕಾಯಿ ಕಟ್ಟೆಗೆ ಹೋಗಬೇಕು” ಎಂದು ಬರೆದೆ. ಆಡಿದ ನಾಲ್ವರಲ್ಲಿ ಇಬ್ಬರು ತಮ್ಮದೇ ಕಾಯಿಯನ್ನು ಹಿಂದಕ್ಕೆ ಒಯ್ದರು. ಆಟ ಗೊತ್ತಿದ್ದವನಾಗಿ ಓದಿದ್ದರಿಂದ ನನಗೆ ಈ ಇನ್ನೊಂದು ಅರ್ಥ ಕಂಡಿರಲಿಲ್ಲ. ಎರಡನೇ ಕರಡಿನಲ್ಲಿ ಯಾರ ಕಾಯಿ ಎಂದು ಪ್ರತಿ ಸಲವೂ ಹೇಳಿದೆ. ಹೊಸ ಗುಂಪಿನಲ್ಲಿ ಆ ಗೊಂದಲ ಬರಲಿಲ್ಲ; ಆದರೆ ಗಟ್ಟಿಯ ನಿಯಮದಲ್ಲಿ ಅವರು ನಿಂತರು, ಅದನ್ನು ನಾನಿನ್ನೂ ಸರಿಪಡಿಸಿಲ್ಲ.’ ಇದು ನಾನು ತೋರಿಸಲೆಂದು ಕಟ್ಟಿದ ಮಾದರಿ, ನಕಲು ಮಾಡಬೇಡಿ. ನಿಮ್ಮ ನಾಲ್ವರು ಬೇರೆಲ್ಲೋ ಎಡವುತ್ತಾರೆ. ಗಮನಿಸಿ, ಇದರಲ್ಲಿ ‘ಸುಧಾರಿಸಿತು’ ಎಂಬ ಪದವೇ ಇಲ್ಲ, ಆದರೂ ಮೇಷ್ಟ್ರಿಗೆ ‘ಹೇಗೆ ಗೊತ್ತಾಯಿತು’ ಎಂದು ಕೇಳಲು ಜಾಗವಿಲ್ಲ. ಬಾಕಿ ಉಳಿದದ್ದನ್ನು ಹೇಳಲು ಹಿಂಜರಿಯಬೇಡಿ. ಓದಿನ ಬಗ್ಗೆಯೂ ಹೀಗೇ: ಎಷ್ಟು ಲೇಖನ ಓದಿದೆ ಎಂಬ ಲೆಕ್ಕ ಬೇಡ, ಯಾವ ಲೇಖನದ ಯಾವ ಮಾತು ನಿಮ್ಮ ಆಟದ ಯಾವ ನಿಯಮವನ್ನು ಬದಲಿಸಿತು ಎಂದು ಹೇಳಿ.

ಪ್ರಬಂಧದ ಹಿಂದೆ ಮೂರು ಹಾಳೆ ಲಗತ್ತಿಸಿ: ಗೀಚಿ ತಿದ್ದಿದ ಮೊದಲ ಕರಡು ಹಾಗೆಯೇ ಫೋಟೊ ತೆಗೆದದ್ದು, ಆಡಿದವರನ್ನು ನೋಡಿ ಬರೆದ ಹಾಳೆ, ಕೊನೆಯ ಕರಡು. ಮುಂದೆ ಕೆಲಸಕ್ಕೆ ಹೋದಾಗ ಪೋರ್ಟ್‌ಫೋಲಿಯೊದಲ್ಲಿ ಇವೇ ಮೂರನ್ನು ಇಡಬಹುದು. ಆಡಿದವರ ಹೆಸರು ಮಾತ್ರ ಅಳಿಸಿಬಿಡಿ, ಅವರ ಮಾತನ್ನು ಬಳಸಿಕೊಳ್ಳುತ್ತೇನೆಂದು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ.